ಬೆಳ್ಳಿಯಮ್ಮನ ಪಟಕ್ಕೆ ಕಣ್ಣು

ಮುದುಕನಿಗೆ ಮರೆವು, ಒಂದಕ್ಕೆ ಹತ್ತು ಸೇರಿಸುತ್ತಾನೆ ಎಂದು ಹೋದ ವಾರ ಹೇಳಿದವರು ಯಾರಪ್ಪ? ನನ್ನ ಮಗ್ಗದಿಂದ ಇಳಿದ ಮೊದಲ ಸೀರೆಯ ಅಂಚಿನ ಬಣ್ಣವನ್ನು ಇವತ್ತಿಗೂ ಹೇಳಬಲ್ಲೆ. ನಿಮಗೆ ಸ್ವಂತ ಹೆಂಡತಿಯ ಫೋನ್ ನಂಬರ್ ಬಾಯಿಗೆ ಬರುವುದಿಲ್ಲ. ಸುಮ್ಮನೆ ಕೇಳಿ. ಇದು ಈ ಪೊಂಗಲ್‌ನಲ್ಲೇ ನಡೆದದ್ದು.

ಪೆರಿಯನಾಯಕನಪಾಳ್ಯದ ನೇಕಾರರ ಮನೆಗೆ ಹೊಸ ಅಳಿಯ ಮೋಹನ್‌ರಾಜ್ ಮೊದಲ ಹಬ್ಬಕ್ಕೆ ಬಂದಿದ್ದ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ, ಟೀ-ಶರ್ಟಿಗೆ ಅಚ್ಚಾಗುವ ಚಿತ್ರಗಳನ್ನು ತಿದ್ದುವ ಕೆಲಸ ಅವನದು. ಹುಲಿಗೆ ಕಣ್ಣು, ಬೊಂಬೆಗೆ ಕಣ್ಣು, ದಿನಕ್ಕೆ ಐವತ್ತು ಕಣ್ಣು ಇಡುವ ಕೈ. ಅಂಥವನು ನಡುಮನೆಯ ಗೋಡೆಯಲ್ಲಿ ಬಟ್ಟೆ ಮುಚ್ಚಿದ ಪಟ ಕಂಡರೆ ಬಿಟ್ಟಾನೆಯೇ? ಬಟ್ಟೆ ಎತ್ತಿದ.

"ಮಾಪ್ಳೆ, ಅದ್ನ ಮುಚ್ಚಿಬಿಡಿ," ಎಂದು ಅಳಿಯನಿಗೆ ಹೇಳಿದಳು ಹೆಂಡತಿಯ ಅಜ್ಜಿ ಪಳನಿಯಮ್ಮಾಳ್. ಎಂಬತ್ತು ದಾಟಿದ ಮುದುಕಿ, ಸೂಜಿಗೆ ತಾನೇ ದಾರ ಪೋಣಿಸುವವಳು. "ಅವ್ಳ ಮುಂದೆ ಯಾರೂ ಹಬ್ಬದ ಶುಭಾಶಯ, ಪೊಂಗಲ್ ವಾಳ್ತು ಹೇಳ್ಬಾರ್ದು. ಅವ್ಳಿಗೆ ಕಣ್ಣಂತೂ ಬರೀಲೇಬಾರ್ದು."

"ಯಾಕಜ್ಜಿ, ಕಣ್ಣು ಬಂದ್ರೆ ನಿಮ್ಜೊತೆ ಕೂತು ಸೀರಿಯಲ್ ನೋಡ್ತಾರಾ?"

ಮುದುಕಿ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದಳು.

ಅಬ್ಬಾ, ಅದೆಂಥ ಪಟ! ಎದುರಿಗೆ ಒಬ್ಬ ಹೆಂಗಸು ನಿಂತ ಹಾಗೇ ಇತ್ತು. ಮೇಲ್ದುಟಿಯ ಬೆವರಿನ ಹನಿ, ಕಿವಿಯ ಹಿಂದೆ ಜಾರಿದ ಒಂದೇ ಒಂದು ಕೂದಲು, ನೂಲು ಕೊಯ್ದ ಬೆರಳ ತುದಿಯ ಗೀರು. ಮೋಹನ್‌ರಾಜ್ ಫೋನಿನಲ್ಲಿ ಫೋಟೋ ಹಿಡಿದು ದೊಡ್ಡದು ಮಾಡಿ ನೋಡಿದ. ಸೀರೆಯ ಹಾಸು ಹೊಕ್ಕು ಎಣಿಸಬಹುದಿತ್ತು. ಇನ್ನೂ ದೊಡ್ಡದು ಮಾಡಿದ. ಎಳೆಯೊಳಗೆ ಎಳೆಯ ಹುರಿ ಕಂಡಿತು. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ಬಿಳಿ ಗುಳಿ.

"ಇಷ್ಟು ಬರೆದವನು ಇದನ್ನ ಬಿಟ್ಟುಬಿಟ್ಟನಲ್ಲಾ," ಎಂದುಕೊಂಡ. ಮುಖದ ಅಚ್ಚು ಹೆಂಡತಿ ನಿತ್ಯಾಳದ್ದೇ. ಮದುವೆಯ ಫೋಟೋದಿಂದ ಅವಳ ಎರಡು ಕಣ್ಣು ಕತ್ತರಿಸಿ ಫೋನಿನಲ್ಲೇ ಆ ಗುಳಿಗಳಲ್ಲಿ ಕೂರಿಸಿದ. ಕೆಳಗೆ ಕಬ್ಬಿನ ಜಲ್ಲೆ, ಉಕ್ಕುವ ಮಡಕೆ, ತಮಿಳಿನಲ್ಲಿ ಪೊಂಗಲ್ ವಾಳ್ತು. ಪಟದ ಮುಂದೆಯೇ ನಿಂತು ಅದನ್ನು ಗಟ್ಟಿಯಾಗಿ ಓದಿ, ಮನೆತನದ ಗ್ರೂಪಿಗೆ ಕಳಿಸಿದ. ಇನ್ನೂರು ಜನ. ನಿಮಿಷದೊಳಗೆ ಕೈಮುಗಿದ ಚಿತ್ರಗಳು, ರಂಗೋಲಿಗಳು, ತಿರುಗಿ ವಾಳ್ತುಗಳು. "ನಮ್ ನಿತ್ಯಾ ತರಾನೇ ಇದಾರೆ, ಯಾರಿವ್ರು?" ಎಂದು ಒಬ್ಬರು ಕೇಳಿದರು.

ಅಡುಗೆಮನೆಯಲ್ಲಿ ನಿತ್ಯಾಳ ಕೈಯಿಂದ ಪಾತ್ರೆ ಬಿತ್ತು.

"ಏನುಂಗ, ಲೈಟ್ ಯಾಕೆ ಆಫ್ ಮಾಡಿದ್ರಿ?"

ಬೆಳಗಿನ ಹತ್ತು ಗಂಟೆ. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ನಿತ್ಯಾ ಗೋಡೆ ತಡವುತ್ತ ಬಂದಳು. ಅವಳ ರೆಪ್ಪೆಯೊಳಗೆ ಕರಿಯಿಲ್ಲ, ಬರೀ ಬಿಳಿ. ಬೆಲ್ಲದ ಪರಿಮಳ ಸತ್ತು, ಎಕ್ಕದ ಗಿಡ ಮುರಿದಾಗಿನ ಕಹಿ ಹಸಿ ವಾಸನೆ ಮನೆ ತುಂಬಿತು. ಮೋಹನ್‌ರಾಜ್ ತಿರುಗಿ ನೋಡಿದ. ಫೋನಿನಲ್ಲಿ ಮಾತ್ರ ಇಟ್ಟ ಕಣ್ಣುಗಳು ಗೋಡೆಯ ಪಟದಲ್ಲೂ ಇದ್ದವು. ಒದ್ದೆಯಾಗಿದ್ದವು. ಒಮ್ಮೆ ಮಿಟುಕಿದವು.

"ಬರೆದುಬಿಟ್ರಾ ಪಾವಿ!" ಪಳನಿಯಮ್ಮಾಳ್ ಬಾಗಿಲಲ್ಲೇ ಕುಸಿದಳು. ಆಮೇಲೆ ಬಾಯಿ ಬಿಟ್ಟಳು. ಪಟದಲ್ಲಿದ್ದ ಬೆಳ್ಳಿಯಮ್ಮ ಈ ಮುದುಕಿಯ ಅಣ್ಣನ ಹೆಂಡತಿ, ಸೋದರತ್ತೆಯ ಮಗಳೂ ಹೌದು. ಆ ಮನೆಯ ಸೀರೆಗೆ ಹೆಸರು ತಂದ ಹೂವು, ಬಳ್ಳಿ, ಹಂಸ ಎಲ್ಲ ಅವಳ ಕಣ್ಣಳತೆಯಲ್ಲಿ ಹುಟ್ಟಿದವು. ಗಂಡ ಸತ್ತ ಮೇಲೆ ತುಡಿಯಲೂರಿನ ತವರಲ್ಲಿ ಮಗ್ಗ ಹೂಡುತ್ತೇನೆಂದಳು. ಆ ಕಣ್ಣು ಹೋದರೆ ಕಸುಬೇ ಹೋಗುತ್ತದೆಂದು ಮನೆಯವರು ಹೆದರಿದರು. ಪೊಂಗಲ್ ದಿನ ಹಿರಿಯರ ಕಾಲಿಗೆ ಬಿದ್ದು ವಾಳ್ತು ಹೇಳುತ್ತಿದ್ದವಳನ್ನು ಮಗುಚಿ, ಅದುಮಿ ಹಿಡಿದು, ಕಣ್ಣಿಗೆ ಎಕ್ಕದ ಹಾಲು ಹುಯ್ದರು. ತಿಂಗಳೊಳಗೆ ಸತ್ತಳು. ಸಾಯುವಾಗ, "ಈ ಮನೆತನದ ಕಣ್ಣನ್ನೆಲ್ಲ ಜೋಡಿ ಜೋಡಿಯಾಗಿ ಎಣಿಸಿ ತಗೋತೀನಿ," ಎಂದಳು. ಸತ್ತ ಮೇಲೆ ಮಗ್ಗಕ್ಕೆ ಕೂತವರಿಗೆಲ್ಲ ಕಣ್ಣು ಕೀವಾಯಿತು. ಮದುಕ್ಕರೈ ಕಡೆಯ ಮಂತ್ರವಾದಿ ಬಂದು ಅವಳನ್ನು ಎಳೆ ಎಳೆಯಾಗಿ ಪಟದೊಳಗೆ ಬರೆಸಿ ಕಟ್ಟಿದ. ಒಂದು ಕೂದಲು ಹೊರಗುಳಿದರೂ ಕಟ್ಟು ನಿಲ್ಲದು. ಕಣ್ಣು ಒಳಗೆ ಬಂದರೆ ಕಟ್ಟೇ ಇಲ್ಲ.

"ಎಕ್ಕದ ಹಾಲಿನ ಚಿಪ್ಪು ತಂದ್ಕೊಟ್ಟಿದ್ದು ನಾನು. ಆಗ ನಂಗೆ ಹತ್ತು ವಯಸ್ಸು," ಎಂದಳು ಮುದುಕಿ.

ಮೋಹನ್‌ರಾಜ್ ಕಳಿಸಿದ್ದನ್ನು ಅಳಿಸಿದ. ಗ್ರೂಪಿನಿಂದ ಹೋಯಿತು. ಗೋಡೆಯಿಂದ ಹೋಗಲಿಲ್ಲ.

"ಅಳ್ಸಿದ್ರೆ ಬಿಡ್ತಾಳಾ? ಆ ಕಣ್ಣು ತೆಗೀಬೇಕಂದ್ರೆ ಬೇರೆ ಕಣ್ಣು ಇಡ್ಬೇಕು."

"ನಿಮ್ದು ಕೊಡಿ ಅಜ್ಜಿ. ಇವ್ಳಿಗೆ ಇನ್ನೂ ಇಪ್ಪತ್ತಾರು."

"ನಾನ್ಯಾಕೆ ಕೊಡ್ಲಿ?" ಮುದುಕಿ ಮುಖಕ್ಕೆ ಸೆರಗು ಎಳೆದುಕೊಂಡಳು. "ಇಟ್ಟೋರು ನೀವು. ನೀವೇ ಕೊಡಿ."

"ಬೇಡಾಂಗ," ಎಂದಳು ನಿತ್ಯಾ, ಅವನ ಅಂಗಿ ಹಿಡಿದು. ಅವಳ ಬೆರಳು ತಣ್ಣಗಿತ್ತು.

ಪಟದಲ್ಲಿ ಕೊರಳು ಕದಲಿತು. ಮುಚ್ಚಿದ ಕೋಣೆಯಿಂದ ಮಗ್ಗದ ಲಾಳಿ ಬಡಿಯಿತು. ಟಕ್. ಆ ಕೋಣೆಯಲ್ಲಿ ಮಗ್ಗವೇ ಇಲ್ಲ. ಟಕ್. ಮೋಹನ್‌ರಾಜ್ ಫೋನನ್ನು ತನ್ನ ಮುಖಕ್ಕೆ ಹಿಡಿದ. ಫೋಟೋ ಅಲುಗಿತು. ಮತ್ತೆ ತೆಗೆದ. ಟಕ್. ಫೋಟೋದಿಂದ ತನ್ನ ಕಣ್ಣೆರಡನ್ನೂ ಕತ್ತರಿಸಿದ. ಇಟ್ಟ. ಅದೇ ವಾಳ್ತನ್ನು ಗಟ್ಟಿಯಾಗಿ ಓದಿ ಕಳಿಸಿದ.

ಕತ್ತಲು.

"ಕಾಣ್ತಿದೆ! ಏನುಂಗ, ನಂಗೆ ಕಾಣ್ತಿದೆ!"

ಅವನಿಗೂ ಕಾಣತೊಡಗಿತು. ತಾನು ನಿಂತ ಜಾಗದಿಂದಲ್ಲ, ಗೋಡೆಯ ಎತ್ತರದಿಂದ. ಕೆಳಗೆ ನಿತ್ಯಾ ಅಳುತ್ತಿದ್ದಳು. ಅವಳ ಪಕ್ಕ ಬಿಳಿಗಣ್ಣಿನ ಗಂಡಸು. ಅದು ತಾನೇ. ನೋಟ ಮೆಲ್ಲಗೆ ಕೆಳಗಿಳಿಯಿತು. ಒಂದು ಹೆಜ್ಜೆ. ಇನ್ನೊಂದು. ಬಾಗಿಲ ಬಳಿಯ ಮುದುಕಿಯ ಮುಖ ಹತ್ತಿರವಾಯಿತು.

"ಅತ್ತಿಗೆ... ನಾನು ಚಿಕ್ಕೋಳು... ಅವ್ರು ತಾ ಅಂದ್ರು, ತಂದೆ..."

ಗೀರು ಬಿದ್ದ ಎರಡು ಹೆಬ್ಬೆರಳು ಮುಂದೆ ಬಂದವು. ಮೋಹನ್‌ರಾಜ್ ರೆಪ್ಪೆ ಬಿಗಿದ. ಕಾಣುವುದು ನಿಲ್ಲಲಿಲ್ಲ. ಕೂಗಿದ. ಬೆರಳು ನಿಲ್ಲಲಿಲ್ಲ. ನಿತ್ಯಾಳಿಗೆ ಕಂಡದ್ದಿಷ್ಟೇ: ಅಜ್ಜಿ ಒಬ್ಬಳೇ ಗಾಳಿಯ ಜೊತೆ ಕಾದಾಡಿ ಬಿದ್ದಳು. ಮತ್ತೆ ಏಳಲಿಲ್ಲ. ಪಟದಲ್ಲಿ ಹೆಂಗಸಿರಲಿಲ್ಲ, ಅವಳ ಹಿಂದೆ ಬಳಿದಿದ್ದ ಹಸಿರು ಬಣ್ಣವಷ್ಟೇ ಇತ್ತು.

ಅಳಿಯ ಈಗ ಆ ಮನೆಯ ಜಗಲಿಯಲ್ಲೇ ಕೂತಿರುತ್ತಾನೆ. ಬೆಳ್ಳಿಯಮ್ಮ ನೋಡಿದ್ದನ್ನೆಲ್ಲ ಅವನೂ ನೋಡಬೇಕು. ಆ ದಿನ ತಿರುಗಿ ವಾಳ್ತು ಕಳಿಸಿದವರ ಮನೆಗಳಿಗೆ ಅವಳು ಒಂದೊಂದಾಗಿ ನಡೆದು ಹೋಗುತ್ತಿದ್ದಾಳೆ. ಅವನು ಬಾಗಿಲಿನ ಗುರುತು ಹೇಳುತ್ತಾನೆ, ನಿತ್ಯಾ ಓಡಿಹೋಗಿ ಫೋನ್ ಮಾಡುತ್ತಾಳೆ. ಮೂರು ಮನೆಯವರು ಎದ್ದು ಓಡಿ ಉಳಿದರು. ಇಬ್ಬರು ನಕ್ಕು ಫೋನ್ ಇಟ್ಟರು. ಅವರ ಕಣ್ಣು ಹೋಯಿತು.

ತಮಿಳು ಶಾಲೆಯಲ್ಲಿ ಓದಿದ ನಮ್ಮವರಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಈ ವಾಯ್ಸ್ ಮೆಸೇಜನ್ನು ಹಾಗೇ ಎಲ್ಲರಿಗೂ ಕಳಿಸಿ. ಇವತ್ತು ಬೆಳಿಗ್ಗೆಯಿಂದ ಅವಳು ಒಂದು ನೀಲಿ ಗೇಟಿನ ಮುಂದೆ ನಿಂತಿದ್ದಾಳಂತೆ. ಪಕ್ಕದಲ್ಲಿ ನುಗ್ಗೆಮರ, ಒಳಗೆ ಮಗು ಅಳುವ ಸದ್ದು. ಆ ಮನೆ ಯಾರದೆಂದು ನಮಗೆ ಗೊತ್ತಾಗುತ್ತಿಲ್ಲ. ಗೊತ್ತಾಗುವವರೆಗೂ ಕಳಿಸುತ್ತಲೇ ಇರಿ.