ಎದುರು ಬುಟ್ಟಿಗೆ ಬಿದ್ದ ಚಪ್ಪಾಳೆ

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಬಲಿಯದಿದ್ದ ದಿನಗಳು. ಸಂಜೆ ಐದರ ಹೊತ್ತು. ಕಾಲೇಜಿನ ಆಟದ ಹಾಲ್‌ನ ಎತ್ತರದ ಕಿಟಕಿಗಳಿಂದ ಬೆಳಕು ಓರೆಯಾಗಿ ಇಳಿದು ಮರದ ನೆಲದ ಮೇಲೆ ಬಿದ್ದಿತ್ತು.

ಆಗ ಶುರುವಾಯಿತು ಇದು... ಒಂದು ಚೆಂಡಿನ ಏಟಿನಿಂದ!

ಚೆಂಡು ಎಸೆದವಳು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕಿ. ಗೆಳತಿಯರು ಅವಳನ್ನು ಸಾಸಿವೆ ಎಂದೇ ಕರೆಯುತ್ತಿದ್ದರು. ಆಳು ಸಣ್ಣ, ಬಿಸಿ ತಾಗಿದರೆ ಸಾಕು, ಸಿಡಿಯುತ್ತಿದ್ದಳು. ಏಟು ಬಿದ್ದದ್ದು ಮೈಕ್‌ನವನ ಮೇಜಿಗೆ. ಅವನು ಕಾಲೇಜಿನ ಮೈಕು, ದೀಪ ನೋಡಿಕೊಳ್ಳುತ್ತಿದ್ದ ಹುಡುಗ; ಪಂದ್ಯದ ದಿನ ಅಂಕ ಕೂಗುವುದೂ ಅವನ ಕೆಲಸವೇ.

ಅಂದು ತಂಡ ಮತ್ತೆ ಸೋತಿತ್ತು. ಗ್ಯಾಲರಿಯಲ್ಲಿ ಇದ್ದವರು, ನಿದ್ದೆ ಹೋದ ವಾಚ್‌ಮನ್ ಒಬ್ಬ. ಮತ್ತೆ ಬೇರೆಲ್ಲೂ ಕೂರಲು ಜಾಗ ಸಿಗದೆ ಬಂದ ಒಂದು ಜೋಡಿ. ಆ ಜೋಡಿ ಒಂದು ಸಲವೂ ತಲೆ ಎತ್ತಿ ಆಟ ನೋಡಿರಲಿಲ್ಲ. ಅಂಥ ಹೊತ್ತಲ್ಲಿ ಇವನು ಮೈಕ್‌ನಲ್ಲಿ, "ಎದೆಗುಂದಬೇಡಿ ಹುಡುಗಿಯರೇ! ಇಡೀ ಕಾಲೇಜು ನಿಮ್ಮ ಬೆನ್ನಿಗಿದೆ!" ಎಂದುಬಿಟ್ಟಿದ್ದ.

"ಯಾರ್ರೀ ಇದಾರೆ ನನ್ ಬೆನ್ನಿಗೆ? ತೋರಿಸ್ರೀ!"

"ಕ್ಯಾಪ್ಟನ್ ಅವ್ರೇ, ಚೆಂಡು ಇರೋದು ಬುಟ್ಟಿಗೆ ಹಾಕೋಕೆ. ನನ್ ಮೇಜಿಗಲ್ಲ."

"ಬುಟ್ಟಿಗೆ ಹಾಕಿದ್ರೆ ತಾನೇ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ..."

"ನಿಮ್ಗೆ ಸಂಬಳ ಕೊಡ್ತಾರೆ, ನೋಡ್ತೀರಿ!"

ಅವನ ಮುಖ ಸಪ್ಪಗಾಯಿತು. ಮೈಕಿನ ವೈರ್ ಸುತ್ತತೊಡಗಿದ. ಸಾಸಿವೆ ದಡದಡನೆ ಹೊರಟುಹೋದಳು. ಬಾಗಿಲು ದಾಟುವಾಗ ಮಾತ್ರ, 'ಅಷ್ಟು ಅನ್ನಬಾರದಿತ್ತೇನೋ...' ಅನ್ನಿಸಿತು. ಆದರೆ ಸಿಟ್ಟಿಗೆ ಹಿಂದಕ್ಕೆ ತಿರುಗಿ ನಡೆಯುವ ಅಭ್ಯಾಸವಿಲ್ಲ.

ಮರುದಿನ ಪ್ರಿನ್ಸಿಪಾಲರು ಕೋಚ್ ಮೇಡಂ ಅವರನ್ನೂ ಅವಳನ್ನೂ ಕರೆಸಿದರು.

"ಇನ್ನೆರಡು ಪಂದ್ಯ ಇಲ್ಲೇ ಇದೆ. ಗ್ಯಾಲರಿ ತುಂಬಿದ್ರೆ ಸರಿ. ಇಲ್ಲಾಂದ್ರೆ ತಂಡ ಮುಚ್ಚಿ ಹಾಲ್‌ಗೆ ಪರೀಕ್ಷೆ ಬೆಂಚು ಹಾಕಿಸ್ತೀನಿ. ಯಾರೂ ನೋಡದ ಆಟ ಯಾರಿಗಮ್ಮ ಬೇಕು?"

"ನಮಗೆ ಬೇಕು ಸಾರ್!"

"ನಿಮ್ಮನ್ನ ಬಿಟ್ಟು?"

ಮನೆಯಲ್ಲಿ ಅವಳು ಅಕ್ಕನ ನೆರಳು. ತರಗತಿಯಲ್ಲಿ ಕೊನೆಯ ಬೆಂಚು. ಅವಳು ಅವಳಾಗಿ ನಿಲ್ಲುತ್ತಿದ್ದದ್ದು ಆ ಮರದ ನೆಲದ ಮೇಲೆ ಒಂದೇ. ಅದನ್ನೂ ಕಿತ್ತುಕೊಂಡರೆ...?

ಮುಂದಿನ ಪಂದ್ಯದ ಸಂಜೆ ಅವಳು ತಲೆ ತಗ್ಗಿಸಿಯೇ ಅಂಗಳಕ್ಕಿಳಿದಳು. ತಲೆ ಎತ್ತಿದರೆ, ಜನ!

ಬಾಗಿಲ ಪಕ್ಕದ ಬುಟ್ಟಿಯ ಹಿಂದಿನ ಗ್ಯಾಲರಿಯಲ್ಲಿ ಒಂದು ಬೀದಿಯೇ ಬಂದು ಕೂತಿತ್ತು. ಸೊಂಟಕ್ಕೆ ಸೆರಗು ಬಿಗಿದ ಹೆಂಗಸರು, ತೋಳು ಮಡಚಿದ ಗಂಡಸರು, ಹಲ್ಲಿಲ್ಲದ ಒಬ್ಬ ತಾತ. ಹತ್ತಿರ ಹೋದರೆ ಸೋಪಿನ ವಾಸನೆ. ಯಾರಿವರು? ಯಾರಾದರೇನು! ಆ ಬುಟ್ಟಿಗೆ ಸಾಸಿವೆಯ ಚೆಂಡು ಬಿದ್ದಾಗಲೆಲ್ಲ ಸೂರು ಹಾರುವಂತೆ ಕೂಗು ಎದ್ದಿತು. ಅವಳ ಕಾಲಿಗೆ ರೆಕ್ಕೆ ಬಂತು. ಅರ್ಧ ಆಟಕ್ಕೆ ತಂಡ ಮುಂದಿತ್ತು!

ವಿರಾಮ ಕಳೆಯಿತು. ತಂಡಗಳು ಕಡೆ ಬದಲಿಸಿ ಮತ್ತೆ ಇಳಿದವು.

ಎದುರಾಳಿ ಹುಡುಗಿ ಮೊದಲ ಚೆಂಡು ಹಾಕಿದಳು. ಗ್ಯಾಲರಿ ಎದ್ದು ನಿಂತು ಕೂಗಿತು!

ಸಾಸಿವೆಗೆ ಕಿವಿಯನ್ನೇ ನಂಬಲಾಗಲಿಲ್ಲ. ಮತ್ತೊಂದು ಬಿತ್ತು. ಮತ್ತೆ ಕೂಗು, ಮತ್ತೆ ಚಪ್ಪಾಳೆ. ಎದುರಾಳಿಗಳು ನಗುತ್ತ ಗ್ಯಾಲರಿಗೆ ಕೈಮುಗಿದರು. ಇವಳು ಆಚೆ ತುದಿಯಲ್ಲಿ ಒಂದು ಹಾಕಿದರೆ ಸದ್ದೇ ಇಲ್ಲ, ಆ ತಾತ "ಛೆ!" ಎಂದದ್ದು ಮಾತ್ರ ಕೇಳಿಸಿತು. ಕೈಯಲ್ಲಿದ್ದ ಆಟ ಕೈಬಿಟ್ಟು ಹೋಯಿತು.

ಸೀಟಿ ಊದಿದ್ದೇ ತಡ, ಗ್ಯಾಲರಿಯ ಮುಂದೆ ಹೋಗಿ ನಿಂತಳು.

"ಯಾರು ಕರೆದ್ರು ನಿಮ್ಮನ್ನ? ಅವರ ಪರ ಕೂಗೋರು ಅವರ ಬಸ್ಸಲ್ಲೇ ಬರಬೇಕಿತ್ತು! ನಮ್ಮ ಮನೇಲಿ ಕೂತು ನಮಗೇ ಉಗೀತೀರಾ?"

ಮುಂದಿನ ಸಾಲಿನ ದಪ್ಪ ಹೆಂಗಸಿನ ನಗು ಮುಖದಲ್ಲೇ ಒಣಗಿತು. ಮೈಕ್‌ನವನು ಓಡಿ ಬಂದ.

"ನಾನು ಕರೆದದ್ದು. ಅವರನ್ನ ಏನೂ ಅನ್ಬೇಡಿ. ತಪ್ಪು ನಂದು."

"ಓ... ಅವತ್ತಿನ ಚೆಂಡಿಗೆ ಇವತ್ತು ಸೇಡಾ? ನಮ್ಮ ತಂಡ ಮುಳುಗ್ತಿರೋವಾಗ?"

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಆ ದಪ್ಪ ಹೆಂಗಸಿನ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡ.

ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಸಾಸಿವೆ ಅವರ ಕಡೆ ತಿರುಗಿ, "ಬೇಕಂತಲೇ ಮಾಡಿಸಿದ್ದು ಸಾರ್ ಇವ್ರು!" ಎಂದಳು.

ಮರುದಿನದಿಂದ ಮೈಕಿನ ಮೇಜಿನ ಹಿಂದೆ ಯಾರೂ ಇರಲಿಲ್ಲ. 'ಒಳ್ಳೇದಾಯ್ತು' ಅಂದುಕೊಂಡಳು. ಆದರೆ ಅಭ್ಯಾಸದ ನಡುವೆ ಕಣ್ಣು ಮಾತ್ರ ಮತ್ತೆ ಮತ್ತೆ ಆ ಖಾಲಿ ಕುರ್ಚಿಗೇ ಹೋಗುತ್ತಿತ್ತು. ಅದಕ್ಕೂ ಸಿಟ್ಟು ಬಂತು!

ಮನೆಯಲ್ಲೂ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕನಿಗೆ ಸಾಕಾಯಿತು.

"ಲೇ, ತಟ್ಟೆ ಸೊಟ್ಟ ಆಗುತ್ತೆ. ನನ್ ಯೂನಿಫಾರಂ ಇಸ್ತ್ರಿಗೆ ಕೊಟ್ಟು ಬಾ. ನಿನ್ ಬಿಸಿ ಅಲ್ಲಾದ್ರೂ ಉಪಯೋಗಕ್ಕೆ ಬರ್ಲಿ."

ಲಾಂಡ್ರಿ ಎರಡು ಬೀದಿ ಆಚೆ. ಒಳಗೆ ಹಬೆ, ಉದ್ದದ ಮೇಜು, ಹಗ್ಗದ ತುಂಬ ಬಿಳಿ ಹಾಸುಗೆ ಬಟ್ಟೆ. ಮೇಜಿನ ಹಿಂದೆ ಇಸ್ತ್ರಿ ಹಿಡಿದು ನಿಂತಿದ್ದವಳು... ಅದೇ ದಪ್ಪ ಹೆಂಗಸು!

"ತಗೊಂಡ್ ಹೋಗು. ನಿನ್ ಬಟ್ಟೆ ನನ್ ಮೇಜಿಗೆ ಬೇಡ."

"ನಂದಲ್ಲ. ಅಕ್ಕಂದು."

"ಹಾಗಾದ್ರೆ ಅಕ್ಕ ಬರ್ಲಿ."

"ನಮ್ಮನ್ನ ಸೋಲಿಸಿದ್ದು ನೀವು, ಸಿಟ್ಟೂ ನಿಮಗೇನಾ?"

"ಸೋಲಿಸಿದ್ದಾ? ಅಂಗಡಿ ಮುಚ್ಚಿ, ಬೀದಿ ಜನಾನೆಲ್ಲ ಹೊರಡಿಸ್ಕೊಂಡು ಬಂದು ಗಂಟಲು ಹರ್ಕೊಂಡಿದೀನಿ ಕಣೇ! ಎರಡು ದಿನ ದನಿ ಬರ್ಲಿಲ್ಲ ನನಗೆ. ನನ್ ಮಗ ಹೇಳಿದ್ದ, 'ಅಮ್ಮ, ಬಾಗಿಲ ಪಕ್ಕದ ಬುಟ್ಟಿ ನಮ್ಮ ಹುಡುಗಿಯರದು, ಅದಕ್ಕೆ ಬಿದ್ರೆ ಕೂಗಿ' ಅಂತ. ಬಿತ್ತು, ಕೂಗಿದ್ವಿ. ಏನ್ ತಪ್ಪು?"

ನನ್ ಮಗ! ಸಾಸಿವೆಯ ಕೈಯಲ್ಲಿದ್ದ ಗಂಟು ಮೇಜಿನ ಮೇಲೆ ಜಾರಿತು.

"ಅಮ್ಮಾ... ಅರ್ಧ ಆದ್ಮೇಲೆ ಬುಟ್ಟಿ ಬದಲಾಗುತ್ತೆ."

"ಎಲ್ಲಿ ಬದಲಾಯ್ತು? ಅಲ್ಲೇ ಇತ್ತು!"

"ಬುಟ್ಟಿ ಅಲ್ಲೇ ಇರುತ್ತೆ. ಅದು ಯಾರದು ಅನ್ನೋದು ಬದಲಾಗುತ್ತೆ. ಮೊದಲು ನಾವು ಅದಕ್ಕೆ ಹಾಕ್ತೀವಿ, ಆಮೇಲೆ ಅವರು ಅದಕ್ಕೆ ಹಾಕ್ತಾರೆ."

ಆಕೆ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದಳು.

"ಇದ್ಯಾವ ನ್ಯಾಯ ಕಣಮ್ಮ? ಅರ್ಧ ಸಂಸಾರ ಆದ್ಮೇಲೆ ನಮ್ಮನೆ ಎದುರುಮನೆಯವರದಾಗುತ್ತಾ?" ಎಂದವಳ ಮುಖ ತಟ್ಟನೆ ಬದಲಾಯಿತು. "ಅಯ್ಯೋ... ಅದನ್ನ ಹೇಳೋಕೆ ಮರೆತಿದ್ದಾನೆ. ದಿನಾ ನೋಡೋನಿಗೆ ಅದು ಹೇಳೋ ಮಾತು ಅಂತಾನೇ ಹೊಳೆದಿರಲ್ಲ. ಆಮೇಲೆ ಹೇಳಿದ್ರೆ ಬೀದಿ ಜನರ ಮುಂದೆ ನಾನು ಪೆದ್ದಿ ಆಗ್ತೀನಿ ಅಂತ ಬಾಯಿ ಮುಚ್ಕೊಂಡಿದ್ದಾನೆ. ಮನೇಲೂ ಹೇಳ್ಲಿಲ್ಲ ನೋಡು! ಅದಕ್ಕೇ ಕೆಲಸ ಕಳ್ಕೊಂಡನಾ ನನ್ ಮಗ?"

ಪ್ರಿನ್ಸಿಪಾಲರಿಗೆ ತಾನೇ ಹೇಳಿದ ಮಾತು ಸಾಸಿವೆಗೆ ನೆನಪಾಯಿತು. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ಅಷ್ಟರಲ್ಲಿ ಅವನೇ ಬಟ್ಟೆಗಂಟು ಹೊತ್ತು ಒಳಗೆ ಬಂದ. ಅವಳನ್ನು ನೋಡಿ ಬಾಗಿಲಲ್ಲೇ ನಿಂತ.

ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಬೇರೆಯೇ!

"ಬಾಯಿ ಇರ್ಲಿಲ್ವಾ ನಿಮ್ಗೆ? ಮೈಕ್ ಹಿಡ್ಕೊಂಡೇ ಬದುಕೋ ಮನುಷ್ಯ... ಹೊರಗೆ ಕರೆದು ನನ್ನೊಬ್ಬಳಿಗೆ ಹೇಳೋಕಾಗ್ಲಿಲ್ವಾ?"

ಅವನಿಗೂ ಮೊದಲ ಸಲ ಸಿಟ್ಟು ಬಂತು.

"ನೀವು ಕೇಳೋ ಹಾಗೆ ನಿಂತಿದ್ರಾ? ಸೇಡು ಅಂದ್ರಿ. ಅಭ್ಯಾಸ ಮುಗಿಯೋವರೆಗೆ ದೀಪ ಆರಿಸದೆ ದಿನಾ ಕಾದಿದೀನಿ. ಅದಕ್ಕೆ ಯಾರೂ ಸಂಬಳ ಕೊಡಲ್ಲ! ನಾನು ಅಷ್ಟು ಕೀಳು ಮನುಷ್ಯ ಅಂತ ಹೇಗೆ ಅನ್ನಿಸ್ತು ನಿಮ್ಗೆ?"

ಅವಳ ಕಣ್ಣು ತುಂಬಿತು.

"ಕೊನೆ ಆಟಕ್ಕೆ... ಬರ್ತೀರಾ?"

"ಇಲ್ಲ. ಅದರ ಮಾರನೇ ದಿನ ಬೇರೆ ಊರಿಗೆ ಹೋಗ್ತಿದೀನಿ. ಮಾವನ ಮೈಕ್‌ಸೆಟ್ ಅಂಗಡಿಗೆ."

ಅವನು ಒಳಗೆ ಹೋದ. ಇಸ್ತ್ರಿಯಮ್ಮ ಯೂನಿಫಾರಂ ಎಳೆದುಕೊಂಡು ನೀರು ಚಿಮುಕಿಸಿದಳು.

"ಅವನು ಬರದಿದ್ರೆ ಬಿಡು. ನಾವು ಬರ್ತೀವಿ. ಜನ ಆಡ್ಕೊಂಡು ನಕ್ಕರು ಅಂತ ಮನೇಲಿ ಕೂರೋ ಜಾತಿ ಅಲ್ಲ ನಾವು!"

ಕೊನೆಯ ಪಂದ್ಯ ಬುಧವಾರ. ಬೀದಿ ಮತ್ತೆ ಬಂತು, ಈ ಸಲ ಇನ್ನೊಂದು ಬೀದಿಯನ್ನೂ ಎಳೆದುಕೊಂಡು. ಅರ್ಧ ಆಟದ ಸೀಟಿ ಮೊಳಗಿತು. ಇಡೀ ಗ್ಯಾಲರಿ ಎದ್ದು ನಿಂತಿತು. ಪ್ರಿನ್ಸಿಪಾಲರು ಕೋಚ್ ಮೇಡಂ ಕಡೆ ಬಾಗಿ ನಕ್ಕರು.

"ನೋಡಿ ಮೇಡಂ, ಹೊರಟರು!"

ಹೊರಟದ್ದು ನಿಜ. ಇಸ್ತ್ರಿಯಮ್ಮ ಮುಂದೆ, ತಾತ ಕೊನೆಗೆ. ಅಂಗಳದ ಅಂಚಿನಲ್ಲಿ ಸಾಲಾಗಿ ನಡೆದರು. ಬಾಗಿಲನ್ನು ದಾಟಿ ಮುಂದೆ ಹೋದರು. ಎದುರು ತುದಿಯ ಬುಟ್ಟಿಯ ಹಿಂದೆ ಹೋಗಿ ಕೂತರು!

"ಈಗ ಇದು ನಮ್ದು!" ಎಂದು ಇಸ್ತ್ರಿಯಮ್ಮ ಘೋಷಿಸಿದಳು. "ಇದಕ್ಕೆ ಬಿದ್ರೆ ಮಾತ್ರ ಬಾಯಿ ಬಿಡಿ. ಆ ಕಡೆ ಬಿದ್ರೆ ಗೋಡೆ ನೋಡಿ!"

ಎದುರಾಳಿ ಹುಡುಗಿಯರೂ ನಕ್ಕುಬಿಟ್ಟರು. ಗದ್ದಲ ಕೇಳಿ ಗ್ರಂಥಾಲಯದಿಂದ, ಕ್ಯಾಂಟೀನಿನಿಂದ ವಿದ್ಯಾರ್ಥಿಗಳು ಇಣುಕಿದರು, ಇಣುಕಿದವರು ಕೂತರು. ಖಾಲಿಯಾಗಿದ್ದ ಬಾಗಿಲ ಪಕ್ಕದ ಗ್ಯಾಲರಿಯೂ ತುಂಬಿತು. ಹೆಸರಿಗೆ ಮಾತ್ರ ಗೊತ್ತಿದ್ದ ತಂಡಕ್ಕೆ ಕಾಲೇಜು ಮೊದಲ ಸಲ ಬಾಯಿಬಿಟ್ಟು ಕೂಗಿತು.

ಆ ಕೂಗಿನ ನಡುವೆ ಸಾಸಿವೆಗೆ ಒಂದು ದನಿ ಬೇರೆಯಾಗಿ ಕೇಳಿಸಿತು. ಬಾಗಿಲಲ್ಲಿ ಅವನು! ಮೈಕಿಲ್ಲದೆ, ಕೊರಳ ನರ ಉಬ್ಬಿಸಿಕೊಂಡು ಕೂಗುತ್ತಿದ್ದ. 'ಬರಲ್ಲ ಅಂದಿದ್ರಲ್ಲ...' ಅವಳ ಕಣ್ಣು ಮಂಜಾಯಿತು. ಚೆಂಡು ಮಾತ್ರ ಮಂಜಾಗದೆ ಬುಟ್ಟಿಗೇ ಹೋಯಿತು.

ಆದರೂ ಒಂದೇ ಒಂದು ಬುಟ್ಟಿಯ ಅಂತರದಲ್ಲಿ ಸೋತರು. ಚಪ್ಪಾಳೆ ನಿಲ್ಲಲಿಲ್ಲ.

"ಗೆದ್ವೇನಮ್ಮ?" ಎಂದ ತಾತ.

"ಸೋತ್ವಿ ತಾತ."

"ಹೌದಾ? ಇರ್ಲಿ ಬಿಡು. ಭಾಳ ಚೆನ್ನಾಗಿತ್ತು."

ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡರು. "ಸರಿ. ಪರೀಕ್ಷೆ ಬೆಂಚು ಬೇರೆ ಕಡೆ ಹಾಕಿಸೋಣ. ತಂಡ ಇರ್ಲಿ."

ಹುಡುಗಿಯರು ಕುಣಿದರು. ಸಾಸಿವೆ ಕುಣಿಯಲಿಲ್ಲ.

"ಸಾರ್, ಮೈಕ್‌ನವರ ತಪ್ಪು ಏನೂ ಇರ್ಲಿಲ್ಲ. ನಾನೇ ತಿಳೀದೆ ಹೇಳಿದ್ದು. ಅವರನ್ನ ವಾಪಸ್ ಕರೀಬೇಕು."

"ಆ ಜಾಗಕ್ಕೆ ಬೇರೆಯವರು ಬಂದಾಯ್ತಮ್ಮ."

"ನನ್ ಸುಳ್ಳನ್ನ ಒಂದೇ ಮಾತಿಗೆ ನಂಬಿದ್ರಿ! ನಿಜ ಹೇಳಿದ್ರೆ ಯಾಕ್ ಸಾರ್ ಕಿವಿ ಕೇಳ್ಸಲ್ಲ?"

ಕೋಚ್ ಮೇಡಂ ಅವಳ ತೋಳು ಹಿಡಿದು ಎಳೆದುಕೊಂಡು ಹೋದರು. ಪ್ರಿನ್ಸಿಪಾಲರು ಆಗಲೇ ಬೆನ್ನು ತಿರುಗಿಸಿದ್ದರು.

ಮಾರನೇ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಅವಳು ಓಡಿ ಬಂದಾಗ ಅವನು ಕಿಟಕಿ ಪಕ್ಕದ ಸೀಟಿನಲ್ಲಿದ್ದ.

"ಮತ್ತೆ ಸಿಟ್ಟಲ್ಲಿದೀರಾ?"

"ಹೂಂ! ನನ್ ಮೇಲೆ. ಆ ಪ್ರಿನ್ಸಿಪಾಲ್ ಮೇಲೆ. ಈ ಬಸ್ ಮೇಲೆ. ದಿನಾ ತಡವಾಗಿ ಬರೋದು, ಇವತ್ತೇ ಹೊತ್ತಿಗೆ ಸರಿಯಾಗಿ ಬಂದಿದೆ!"

"ನನ್ ಮೇಲೆ ಇಲ್ವಾ?"

"ನಿಮ್ ಮೇಲಿರೋದು ಸಿಟ್ಟಲ್ಲ."

"ಮತ್ತೇನು?"

"ಇಳೀರಿ, ಹೇಳ್ತೀನಿ."

ಅವನು ಇಳಿದ. ಎದುರಿಗೆ ನಿಂತ.

"ಪ್ರೀತಿ ಕಣ್ರೀ! ಇಷ್ಟೂ ತಿಳಿಯಲ್ವಾ?"

ಅವನು ನಕ್ಕ. ಆ ನಗುವಿನಲ್ಲಿ ಕಣ್ಣು ಒದ್ದೆಯಾಗಿತ್ತು. "ಅದನ್ನೂ ಬೈದೇ ಹೇಳ್ಬೇಕಾ?"

"ನನಗೆ ಬರೋದೇ ಹಾಗೆ. ಕ್ಷಮಿಸಿ ಅನ್ನೋದೂ ಹಾಗೇ ಬರುತ್ತೆ. ಕ್ಷಮಿಸ್ರೀ..."

"ಲಾಂಡ್ರಿಯಲ್ಲಿ ನಿನ್ ಕಣ್ಣು ತುಂಬಿತ್ತಲ್ಲ, ಆಗ್ಲೇ ಕ್ಷಮಿಸಿದೀನಿ." ಮೊದಲ ಸಲ 'ನೀನು' ಎಂದಿದ್ದ. ಅವಳು ಅದನ್ನು ತಡೆಯಲಿಲ್ಲ.

ಕಂಡಕ್ಟರ್ ಬಸ್ಸಿನ ಮೈ ಬಡಿದ. "ಮೆಟ್ಟಿಲ ಮೇಲಾದ್ರೂ ಪ್ರೀತಿ ಮಾಡಿ ಸ್ವಾಮಿ, ಗಾಡಿ ಹೊರಡುತ್ತೆ!"

ಅವನು ಹತ್ತಿದ. ಅವಳು ಕಿಟಕಿಯ ಕಂಬಿಯ ಮೇಲಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಭಾನುವಾರ ರಜಾ ಇರುತ್ತಾ ಅಲ್ಲಿ?"

"ಇರುತ್ತೆ."

"ಹಾಗಾದ್ರೆ ನಾನೇ ಬರ್ತೀನಿ. ನಿಮ್ಮಮ್ಮನ್ನೂ ಕರ್ಕೊಂಡು."

"ಅಮ್ಮ ಬಂದ್ರೆ ಊರೆಲ್ಲ ಕೇಳೋ ಹಾಗೆ ಕೂಗ್ತಾಳೆ."

"ಕೂಗ್ಲಿ."

ಬಸ್ಸು ಹೊರಟಿತು. ಅವನ ಬೆರಳುಗಳು ಅವಳ ಕೈಯಿಂದ ಒಂದೊಂದಾಗಿ ಬಿಟ್ಟುಕೊಂಡವು. ಅಂದು ಗುರುವಾರ; ಭಾನುವಾರಕ್ಕೆ ಇನ್ನು ಮೂರೇ ದಿನ.