ನಗರ್ತಪೇಟೆಯ ನೀಹಾರಿಕೆ

ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರನ್ನು ನಾನು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿಸುವುದಿಲ್ಲ. ಚಕ್ರಪಾಣಿ ಮೇಷ್ಟ್ರು ಐದು ಸಲ ಹುಡುಕಿದರು. ಐದು ಸಲವೂ ನಾನೇ ಸ್ಟೂಲ್ ಒರೆಸಿ ಕೂರಿಸಿದೆ.

ನಗರ್ತಪೇಟೆಯಲ್ಲಿ ನನ್ನದು ಆಕಾಶಬುಟ್ಟಿ ಮಾಡುವ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಇಲ್ಲಿ ನಾನು ಮತ್ತು ಕಾಗದ ಕತ್ತರಿಸುವ ಮುನಿಯಕ್ಕ, ಇಬ್ಬರೇ. ಮೇಷ್ಟ್ರು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಮೊದಲ ದಿನ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಕಪ್ಪು ಆಕಾಶದಲ್ಲಿ ಬಣ್ಣಬಣ್ಣದ ಉಂಗುರ.

“ಇದು ಗ್ರಹ ನೀಹಾರಿಕೆ. ಸ್ಕೂಲ್ ಎಕ್ಸಿಬಿಷನ್‌ಗೆ ಇದರ ಮಾಡೆಲ್ ಬೇಕಿತ್ತು.”

“ಯಾವ ಗ್ರಹದ್ದು?”

“ಗ್ರಹಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಹಿಂದೆ ಸಣ್ಣ ಟೆಲಿಸ್ಕೋಪ್‌ನಲ್ಲಿ ಗುಂಡಗೆ ಕಾಣಿಸ್ತು, ಗ್ರಹದ ಥರ ಇದೆ ಅಂದ್ರು. ಆ ಹೆಸರೇ ಉಳ್ಕೊಂಡ್ತು.”

ಹೆಸರಿಟ್ಟವರು ತಾವೇ ಏನೋ ಎನ್ನುವ ಹಾಗೆ ನಾಚಿಕೊಂಡರು. ನನಗೆ ನಗು ಬಂತು. ನಗು ಬಂದ ಮೇಲೆ ಅವರನ್ನು ಸರಿಯಾಗಿ ನೋಡಿದೆ. ನೋಡಬಾರದಿತ್ತು.

ಫೋಟೋದಲ್ಲಿ ಇದ್ದ ಹಾಗೇ ಚಪ್ಪಟೆಯಾದ ಉಂಗುರ ಕಟ್ಟಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಚೆನ್ನಾಗಿದೆ. ಆದ್ರೆ ಇದು ಕೋಡುಬಳೆ ಆಯ್ತು, ಭಾಗ್ಯ ಅವ್ರೇ.”

“ಫೋಟೋದಲ್ಲೂ ಕೋಡುಬಳೇನೇ ಇತ್ತಲ್ಲ!”

ಅವರು ಜಗಳಕ್ಕೆ ಬರಲಿಲ್ಲ. ಸೋಪಿನ ನೀರು ಕೇಳಿ, ಬಿದಿರ ಕಡ್ಡಿಯ ಬಳೆಯೊಂದನ್ನು ಅದ್ದಿ, ಗುಳ್ಳೆ ಊದಿದರು.

“ನೋಡಿ, ಗುಳ್ಳೆ ಸುತ್ತಲೂ ಇದೆ. ನಡುವೆ ತೆಳ್ಳಗಿರೋದ್ರಿಂದ ಏನೂ ಇಲ್ಲ ಅನ್ಸತ್ತೆ. ಅಂಚಲ್ಲಿ ಓರೆಯಾಗಿ ನೋಡ್ತೀವಿ, ಪದರ ಜಾಸ್ತಿ ಅಡ್ಡ ಬರತ್ತೆ, ಅದಕ್ಕೇ ಬಳೆ ಥರ ಕಾಣತ್ತೆ. ನೀಹಾರಿಕೇನೂ ಹೀಗೇ, ಸ್ವಲ್ಪ ಉದ್ದಕ್ಕಿದೆ ಅಷ್ಟೇ, ಒಳಗೆ ಟೊಳ್ಳು.”

ಏನೂ ಇಲ್ಲ ಎಂದ ಆ ನಡುವಿನಲ್ಲಿ ಅವರ ಕಣ್ಣುಗಳಿದ್ದವು, ನನ್ನನ್ನೇ ನೋಡುತ್ತಿದ್ದವು. ಗುಳ್ಳೆ ಒಡೆಯಿತು. ಇಬ್ಬರೂ ಬೇರೆಲ್ಲೋ ನೋಡಿದೆವು.

ಯಾವ ಬಣ್ಣ ಎಲ್ಲಿ ಎಂದು ಅವರು ಚೀಟಿ ಬರೆದುಕೊಟ್ಟು ಹೋದರು, ನಾನು ಹೊಸ ಚೌಕಟ್ಟು ಕಟ್ಟಿದೆ. ಎದುರಿನಿಂದ ನೋಡಿದರೆ ಉಂಗುರ, ಪಕ್ಕದಿಂದ ನೋಡಿದರೆ ಮೃದಂಗ. ಮೇಷ್ಟ್ರು ಬಂದು, ಕೆಂಪು ಕಾಗದ ಒಳಗೆ ಹೋಗಿದೆ, ಅದು ಹೊರಗಿರಬೇಕು, ಒಳಗೆ ಹಸಿರು ಬೆರೆತ ನೀಲಿ ಎಂದರು. ಮೂರನೆಯ ಸಲ, ಎಲ್ಲದರ ಹೊರಗೆ ತೆಳುವಾದ ಇನ್ನೊಂದು ಸುತ್ತು ಬೇಕು, ನಡುವಿನ ನಕ್ಷತ್ರ ಬಹಳ ಹಿಂದೆ ಹೊರಗೆ ಬಿಟ್ಟದ್ದು ಎಂದರು. ನಾಲ್ಕನೆಯ ಸಲ ಬಲ್ಬು ದೊಡ್ಡದಾಯಿತು ಎಂದು, ಸೀರಿಯಲ್ ಸೆಟ್‌ನ ಒಂದೇ ಒಂದು ಪುಟ್ಟ ಬಲ್ಬನ್ನು ನಡುವೆ ನೇತುಹಾಕಿಸಿದರು.

“ಇಷ್ಟು ದೊಡ್ಡ ಬಣ್ಣದ ರಾಶಿಗೆ ಇಷ್ಟೇ ದೀಪಾನಾ?”

“ನಮ್ಮ ಸೂರ್ಯನಂಥ ನಕ್ಷತ್ರ ವಯಸ್ಸಾದ್ಮೇಲೆ ಮೈಮೇಲಿರೋದ್ನೆಲ್ಲಾ ಬಿಟ್ಟುಬಿಡತ್ತೆ. ಉಳಿಯೋದು ಇಷ್ಟೇ. ಆದ್ರೆ ಅದರ ಬಿಸೀಲೇ ಇದೆಲ್ಲಾ ಹೊಳೆಯೋದು.”

ಮೇಷ್ಟ್ರಿಗೆ ಮದುವೆಯಾಗಿಲ್ಲ, ತ್ಯಾಗರಾಜನಗರದಲ್ಲಿ ಅಮ್ಮನ ಜೊತೆ ಇದ್ದಾರೆ ಎಂದು ಮುನಿಯಕ್ಕ ಎಲ್ಲಿಂದಲೋ ಸುದ್ದಿ ತಂದಳು. ನಾನು ಕೇಳಿರಲಿಲ್ಲ. ಕೇಳದಿದ್ದರೂ ಎರಡು ಸಲ ಹೇಳಿಸಿಕೊಂಡೆ.

ಶನಿವಾರ ಎಕ್ಸಿಬಿಷನ್. ಅದು ಮುಗಿದರೆ ಮೇಷ್ಟ್ರಿಗೆ ನಗರ್ತಪೇಟೆಯಲ್ಲಿ ಏನು ಕೆಲಸ? ಮೂವತ್ತೆಂಟು ವರ್ಷ ಮದುವೆಯ ಗೋಜಿಲ್ಲದೆ ಆರಾಮವಾಗಿದ್ದವಳು ಶನಿವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಿಸತೊಡಗಿದೆ. ನನಗೆ ಅವರು ಬೇಕಾಗಿದ್ದರು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಗುರುವಾರ ಬೆಳಿಗ್ಗೆ ಮೇಷ್ಟ್ರು ಬಂದು ನೀಹಾರಿಕೆಯನ್ನು ಬಗ್ಗಿ ನೋಡಿ, ಎದ್ದು ನೋಡಿ, ಗಂಟಲು ಸರಿಮಾಡಿಕೊಂಡರು.

“ಈ ಕಡ್ಡಿ ಒಂದರ್ಧ ಇಂಚು ಎಡಕ್ಕೆ ವಾಲಿದೆ ಅನ್ಸತ್ತೆ.”

ನನಗೆ ರೇಗಿತು. “ಮೇಷ್ಟ್ರೇ, ನಿಮ್ಮ ನೀಹಾರಿಕೆ ಇಲ್ಲಿಂದ ಎಷ್ಟು ದೂರ?”

“ಸುಮಾರು ಎರಡೂವರೆ ಸಾವಿರ ಜ್ಯೋತಿರ್ವರ್ಷ.”

“ಅಷ್ಟು ದೂರದಿಂದ ಅರ್ಧ ಇಂಚು ಕಾಣಿಸ್ತಾ ನಿಮಗೆ? ನನ್ನ ಕೆಲಸ ಹಿಡಿಸ್ಲಿಲ್ಲ ಅಂದ್ರೆ ಹೇಳ್ಬಿಡಿ, ಬೇರೆಯವರ ಹತ್ರ ಮಾಡಿಸ್ಕೊಳಿ.”

ಅವರ ಕಿವಿ ಕೆಂಪಾಯಿತು. “ಕೆಲಸದಲ್ಲಿ ಏನೂ ತಪ್ಪಿಲ್ಲ. ಸರಿಯಾಗಿದೆ ಅಂದ್ಬಿಟ್ರೆ ತಗೊಂಡು ಹೋಗ್ಬೇಕಲ್ಲ. ಆಮೇಲೆ ಏನು ನೆಪ ಹೇಳ್ಕೊಂಡು ಬರ್ಲಿ ಅಂತ ಗೊತ್ತಾಗ್ಲಿಲ್ಲ.”

ಅಂಗಡಿಯಲ್ಲಿ ಮುನಿಯಕ್ಕನ ಕತ್ತರಿಯ ಸದ್ದು ನಿಂತಿತು.

“ಮೇಷ್ಟ್ರೇ, ನೆಪ ಹುಡುಕಿದ್ದು ನೀವೊಬ್ರೇನಾ?” ಎಂದಳು ಮುನಿಯಕ್ಕ. “ಹದಿನೆಂಟು ವರ್ಷದಿಂದ ನೋಡ್ತಿದೀನಿ, ಇವಳು ಒಂದು ಕಾಗದ ತಪ್ಪಾಗಿ ಅಂಟಿಸಿದೋಳಲ್ಲ. ಕೆಂಪು ಹೊರಗೆ ಅಂತ ನೀವು ಚೀಟೀಲಿ ಬರ್ಕೊಟ್ಟಿದ್ರಿ. ಬೇಕಂತಲೇ ಒಳಗೆ ಅಂಟಿಸಿದ್ಲು. ನಾನು ಬೇಡ ಅಂದ್ರೂ ಕೇಳ್ಲಿಲ್ಲ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರು ನನ್ನತ್ತ ತಿರುಗಿದರು. ಈ ಸಲ ನಡುವೆ ಗುಳ್ಳೆ ಇರಲಿಲ್ಲ, ಒಡೆಯುವುದಕ್ಕೆ ಏನೂ ಇರಲಿಲ್ಲ. ನಾನೂ ಕಣ್ಣು ತಪ್ಪಿಸಲಿಲ್ಲ.

“ನಿಜಾನಾ?” ಎಂದರು ಮೆಲ್ಲಗೆ.

“ಹೂಂ. ಇನ್ನೊಂದು ಸಲ ಬರ್ಲಿ ಅಂತ.”

ನೀಹಾರಿಕೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಬೆರಳಿಗೆ ಬೆರಳು ತಾಗಿತು, ಇಬ್ಬರೂ ತೆಗೆಯಲಿಲ್ಲ.

“ಕೆಲಸ ಮುಗೀತು. ಶನಿವಾರ ಮಕ್ಕಳಿಗೆ ತೋರ್ಸಿ. ಭಾನುವಾರ ಬನ್ನಿ.”

“ಭಾನುವಾರ ಅಂಗಡಿ ಮುಚ್ಚಿರತ್ತಲ್ಲ?”

“ಅಂಗಡಿಗೆ ಯಾರು ಕರೆದ್ರು? ಮನೆಗೆ ಬನ್ನಿ. ಅಮ್ಮನ್ನೂ ಕರ್ಕೊಂಡ್ ಬನ್ನಿ.”