ಹದಿನಾರನೇ ಚಾನೆಲ್ಲಿನ ಗೊಣಗಾಟ

"ಬೆರ್ಕ್‌ಮನ್ಸಣ್ಣಾ, ಸಂಜೆ ನಮ್ಮ ದೋಣಿಯ ವೈರ್‌ಲೆಸ್ ಕಿತ್ಕೊಳ್ತಾರಂತೆ! ಆರು ತಿಂಗಳು ಕಡಲಿಗೇ ಇಳಿಯೋ ಹಾಗಿಲ್ವಂತೆ!" ಎನ್ನುತ್ತ ಜೆಸಿಂತಾ ನಮ್ಮ ಕೋಣೆಗೆ ನುಗ್ಗಿದಳು.

ಕನ್ಯಾಕುಮಾರಿ ಕಡೆಯ ಹತ್ತೂರಿಗೆ ಇಲ್ಲದ್ದು ನಮ್ಮ ಇಗರ್ಜಿಯ ಹಿಂದಿನ ಆ ಕೋಣೆಯಲ್ಲಿತ್ತು. ಯಾವ ಚಾನೆಲ್ ಖಾಲಿ, ಯಾವುದರಲ್ಲಿ ಮಾತು ನಡೆದಿದೆ ಎಂದು ಪರದೆಯ ಮೇಲೆ ಗೆರೆ ಎಬ್ಬಿಸಿ ತೋರಿಸುವ ಯಂತ್ರ. ಕಟ್ಟಿದವರು ಹಡಗಿನಲ್ಲಿ ಇಪ್ಪತ್ತು ವರ್ಷ ರೇಡಿಯೋ ನೋಡಿಕೊಂಡಿದ್ದ ಬೆರ್ಕ್‌ಮನ್ಸ್. ಊರಲ್ಲಿ ಬಲೆ ಕದ್ದರೂ ಎಂಜಿನ್ ಕದ್ದರೂ ಜನ ಬರುತ್ತಿದ್ದದ್ದು ಅವರ ಬಳಿಗೇ. ಹನ್ನೆರಡು ವರ್ಷ ಅವರ ಜೊತೆಗಿದ್ದ ಗುಮಾಸ್ತ ನಾನು, ಲೂರ್ದು. ಜಂಬವೆಂದರೆ ಜಂಬವೇ.

ಹದಿನಾರು ಆಪತ್ತಿನ ಚಾನೆಲ್. ಮುಳುಗುವವನು ಕೂಗುವುದು ಅಲ್ಲಿ. ಹರಟೆ ಹೊಡೆಯುವುದು ಪಾಪ. ವಾರದಿಂದ ಅಲ್ಲಿ ಯಾರೋ ಗೊಣಗುತ್ತಿದ್ದರು. ಜೆಸಿಂತಾಳ ಗಂಡ ಸಿಲುವೈ ದಡಕ್ಕೆ ಬರುತ್ತ ಹದಿನಾಲ್ಕರಲ್ಲಿ ಮೀನಿನ ಲೆಕ್ಕ ಹೇಳುವಾಗಲೇ ಹದಿನಾರರ ಗೆರೆ ಏಳುತ್ತಿತ್ತು. ಅವನು ಬಾಯಿ ಮುಚ್ಚಿದರೆ ಅದೂ ಮಲಗುತ್ತಿತ್ತು. ಬರೆದಿಟ್ಟವನು ನಾನೇ. ಅದನ್ನು ನಂಬಿ ದೋಣಿ ಸಮಿತಿ ಸಿಲುವೈಗೆ ಶಿಕ್ಷೆ ಗೊತ್ತುಮಾಡಿತ್ತು.

"ತಪ್ಪಾಯ್ತು ಅಂದ್ಬಿಡು ಅಂದೆ. 'ನಮ್ಮಪ್ಪ ಮುಳುಗುವಾಗ ಬದುಕುಳಿದಿದ್ದೇ ಹದಿನಾರರಲ್ಲಿ ಕೂಗಿ, ನಾನಲ್ಲಿ ಹರಟೆ ಹೊಡೀತೀನಾ? ಮಾಡದ ತಪ್ಪು ಒಪ್ಪಲ್ಲ' ಅಂತಾನೆ ಅಣ್ಣಾ," ಎಂದು ಅತ್ತಳು.

ಬೆರ್ಕ್‌ಮನ್ಸ್ ನನ್ನ ಪುಸ್ತಕ ತಿರುವಿದರು. "ಲೂರ್ದು, ಅದೇ ಹೊತ್ತಲ್ಲಿ ಹತ್ತರಲ್ಲೂ ಗೆರೆ ಅಂತ ಬರ್ದಿದೀಯ. ಗೊಣಗಾಟದಲ್ಲಿ ಮತ್ತೇನು ಕೇಳಿಸ್ತು?"

"ಗರಗರ ಅಂತ ಸದ್ದು. ಐಸ್ ಪುಡಿ ಮಾಡೋ ಹಾಗೆ."

"ಸಿಲುವೈ ದೋಣೀಲಿ ಐಸ್ ಮಿಷನ್ ಇದೆಯೇನಮ್ಮಾ?"

"ಇರೋಕೆ ಜಾಗ ಎಲ್ಲಣ್ಣಾ!"

ಅವರು ಪರದೆಯನ್ನೊಮ್ಮೆ, ಆಂಟೆನಾ ಕಂಬದಿಂದ ಇಳಿದ ತಂತಿಯನ್ನೊಮ್ಮೆ ನೋಡಿದರು. ಅವರ ಮುಖ ಸಪ್ಪಗಾದದ್ದನ್ನು ನಾನು ಅಪರೂಪಕ್ಕೆ ಕಂಡೆ.

ಸಂಜೆ ಪಾದ್ರಿ, ದೋಣಿ ಸಮಿತಿಯ ಮುಖ್ಯಸ್ಥ ಮರಿಯದಾಸನ್, ಅರ್ಧ ಊರು ಕೋಣೆಯ ಮುಂದೆ ಸೇರಿತು. ಬೆರ್ಕ್‌ಮನ್ಸ್ ಸಿಲುವೈಯನ್ನು ದಡದ ದೋಣಿಗೆ ಕಳಿಸಿ ಹದಿನಾಲ್ಕರಲ್ಲಿ ಮಾತಾಡಲು ಹೇಳಿದರು. ದೋಣಿಗಳು ಬರುವ ಹೊತ್ತಿಗೆ ಐಸಿನ ಲೆಕ್ಕ ಮಾತಾಡುವ ಪಕ್ಕದ ಐಸ್ ಮನೆಯವರಿಗೆ ಎಂದಿನಂತೆ ಹನ್ನೆರಡರಲ್ಲಿ. ಹದಿನಾರರ ಗೆರೆ ಎದ್ದಿತು.

"ನೋಡಿದ್ರಾ ಸಾಮಿ? ಯಂತ್ರ ಸುಳ್ಳು ಹೇಳುತ್ತಾ?" ಎಂದರು ಮರಿಯದಾಸನ್.

"ತಾಳಿ. ಐಸ್ ಮನೆಯವರು ಸುಮ್ಮನಿರಲಿ." ಸಿಲುವೈ ಇನ್ನೂ ಮಾತಾಡುತ್ತಿದ್ದ. ಹದಿನಾರು ಖಾಲಿಯಾಯಿತು.

"ಹಾಗಾದ್ರೆ ಇಬ್ರೂ ಸೇರಿ ಆಟ ಕಟ್ಟಿದಾರೆ!"

"ಅದನ್ನೂ ನೋಡೋಣ." ಇಬ್ಬರನ್ನೂ ಮತ್ತೆ ಮಾತಾಡಿಸಿ, ಬೆರ್ಕ್‌ಮನ್ಸ್ ತಂತಿ ಒಳಬರುವಲ್ಲಿ ಬಲ ತಗ್ಗಿಸುವ ಹಿತ್ತಾಳೆಯ ತುಂಡೊಂದನ್ನು ಸಿಕ್ಕಿಸಿದರು. "ಹೊರಗಿನಿಂದ ಬಂದ ಮಾತಾದ್ರೆ ಎಲ್ಲಾ ಗೆರೆ ಒಂದೇ ಸಮ ಇಳೀಬೇಕು."

ಹನ್ನೆರಡು, ಹದಿನಾಲ್ಕರ ಗೆರೆಗಳು ಒಂದು ಬೆರಳು ಇಳಿದವು. ಹದಿನಾರರದ್ದು ಮೂರು ಬೆರಳು ಕುಸಿದು ಅಳಿಸಿಯೇ ಹೋಯಿತು.

"ಒಳಗೇ ಹುಟ್ಟಿದ್ದು ಮಾತ್ರ ಹೀಗೆ ಬೀಳುತ್ತೆ," ಎಂದರು. "ದೂರದ ದೋಣಿ ಕೇಳಿಸ್ಲಿ ಅಂತ ಹೋದ ವಾರ ತಂತಿಗೆ ಬಲ ಹೆಚ್ಚಿಸೋ ಡಬ್ಬಿ ಹಾಕ್ದೆ. ಹತ್ತಿರದ ಎರಡು ಗಟ್ಟಿ ದನಿ ಒಟ್ಟಿಗೆ ಬಂದ್ರೆ ಅದಕ್ಕೆ ತಡೆಯೋಕಾಗಲ್ಲ. ಎರಡನ್ನೂ ಕಲಸಿ, ಹನ್ನೆರಡು ಹದಿನಾಲ್ಕರ ಅಂತರವನ್ನೇ ಮುಂದಕ್ಕಿಟ್ಟು ಹದಿನಾರರಲ್ಲಿ, ಹಿಂದಕ್ಕಿಟ್ಟು ಹತ್ತರಲ್ಲಿ ಇಲ್ಲದ ಗೆರೆ ಎಬ್ಬಿಸುತ್ತೆ. ಐಸಿನ ಗರಗರ ಬಂದದ್ದೂ ಹಾಗೇ."

ಅಷ್ಟರಲ್ಲಿ ಸಿಲುವೈ ಬಂದು ನಿಂತಿದ್ದ. ಬೆರ್ಕ್‌ಮನ್ಸ್ ಎದ್ದರು. "ಸಾಮಿ, ಅಪರಾಧಿ ನಾನು. ನನ್ನ ಯಂತ್ರದ ಮೇಲಿನ ಜಂಬದಲ್ಲಿ ಅದನ್ನೊಂದು ಬಿಟ್ಟು ಊರನ್ನೆಲ್ಲ ಅನುಮಾನಿಸ್ದೆ. ಸಿಲುವೈ, ತಪ್ಪಾಯ್ತಪ್ಪ." ಅರ್ಧ ಊರಿನ ಎದುರು ಕೈಮುಗಿದರು.

ಸಿಲುವೈ ಆ ಕೈಗಳನ್ನು ಹಿಡಿದು ಇಳಿಸಿದ. "ಮುಚ್ಚಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು ಅಣ್ಣಾ?"

ಹನ್ನೆರಡು ವರ್ಷದಲ್ಲಿ ಅವರು ಎಷ್ಟೋ ಕಳ್ಳರನ್ನು ಹಿಡಿದದ್ದು ಕಂಡಿದ್ದೇನೆ. ಅವರ ಗುಮಾಸ್ತನೆಂದು ನಾನು ಎದೆಯುಬ್ಬಿಸಿ ನಡೆದದ್ದು, ಅವರು ತಮ್ಮನ್ನೇ ಹಿಡಿದುಕೊಟ್ಟ ಆ ಸಂಜೆ.